ಬಟ್ಟಲಿನ ಸರದಿ

ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತಿದ್ದ ದಾನಪ್ಪ ಬೆಳಗಿನಿಂದ ಒಂದು ಗೇಣೂ ನೇಯ್ದಿರಲಿಲ್ಲ. ಜಮಖಂಡಿಯಿಂದ ಬಂದ ಪಾದ್ರಿಗಳು ಹೋದ ಭಾನುವಾರ ಅವನನ್ನು ಬನಹಟ್ಟಿಯ ಪುಟ್ಟ ಕ್ರೈಸ್ತ ಸಭೆಗೆ ಹಿರಿಯನೆಂದು ಹೆಸರಿಸಿ ಹೋಗಿದ್ದರು. ಒಲ್ಲೆ ಎನ್ನಲು ಬಾಯಿ ಬಂದಿರಲಿಲ್ಲ. ಹೂಂ ಎಂದದ್ದಕ್ಕೆ ಈಗ ತಲೆ ಗಿರ್ರೆನ್ನುತ್ತಿತ್ತು. ಹಿರಿಯನಾದವನು ಮಾಡುವುದಾದರೂ ಏನು?

"ಏನ್ ಮಾಡೂದೈತ್ರಿ? ಕರ್ತನ ಭೋಜನದಾಗ ಮೊದಲನೇ ಗುಟುಕು ನಿಮ್ಮದು. ಹೆಂಗಸರಾಗ ಮೊದಲನೇದು ನಂದು," ಎಂದಳು ಹೆಂಡತಿ ತಾರವ್ವ. ಯೇಸುವಿನ ನೆನಪಿಗೆ ಸಭೆಯವರೆಲ್ಲ ಒಂದೊಂದು ಗುಟುಕು ಕುಡಿಯುವ ಆ ಭೋಜನಕ್ಕೆ ಒಣದ್ರಾಕ್ಷಿಯ ರಸ ಹಿಂಡುವುದು ಹಿರಿಯನ ಮನೆಯ ಕೆಲಸ. ದ್ರಾಕ್ಷಿ ಆರಿಸುತ್ತಿದ್ದ ಅವಳ ಮುಖ ಹಿಗ್ಗಿನಿಂದ ಅರಳಿತ್ತು.

ಎಲ್ಲರಿಗೂ ಬಟ್ಟಲು ಒಂದೇ. ಮೊದಲು ಹಿರಿಯ, ಆಮೇಲೆ ನೇಕಾರ ಮನೆತನದವರು, ಕಟ್ಟಕಡೆಗೆ ಕೇರಿಯಿಂದ ಬರುವ ಅನಸವ್ವ. ಎಲ್ಲರೂ ಯೇಸುವಿನ ಮಕ್ಕಳೇ, ಹೌದಪ್ಪ. ಆದರೆ ಬಿಟ್ಟುಬಂದ ಜಾತಿ ಸರದಿಯಲ್ಲಿ ಬಂದು ನಿಲ್ಲುತ್ತಿತ್ತು. ಹೋದ ಸಲ ಅನಸವ್ವನ ಪಾಲಿಗೆ ಬಟ್ಟಲು ಬರಿದಾಗಿ ಬಂತು. ಅಂದಿನಿಂದ ಅವಳು ಸಭೆಯತ್ತ ಸುಳಿದಿರಲಿಲ್ಲ.

ದಾನಪ್ಪ ಮಗ್ಗ ಬಿಟ್ಟೆದ್ದು ಅವಳ ಮನೆಗೆ ಹೋದ. ಅವಳು ಕಸಬರಿಗೆ ಕಟ್ಟುತ್ತಿದ್ದಳು.

"ಭಾನುವಾರ ಬಾ ಬೇ ಅನಸವ್ವ. ಈ ಸಲ ರಸಾ ಹೆಚ್ಚಿಗಿ ಮಾಡಸ್ತೀನಿ."

ಅವಳು ನಕ್ಕಳು. "ರಸಾ ಕಡಿಮಿ ಬಿದ್ದದ್ದಲ್ರಿ ಹಿರಿಯರ. ಮುಂಬಯಿ ಸರಕಾರ ಬಂದು ಊರ ಗುಡಿ ಬಾಗಲಾ ನಮ್ಮ ಕೇರಿಯವರಿಗೂ ತೆರಸೇತಿ. ನಮ್ಮ ಸಭಾದ ಬಾಗಲಾ ಮೊದಲಿಂದ ತೆರದೈತಿ, ಖರೆ. ಆದ್ರ ನಾ ಕುಡದ ಬಟ್ಟಲಾ ಮತ್ತ ಯಾರರ ಬಾಯಿಗೆ ಹಚ್ಚತಾರೇನು?"

"ನನಗೇನೂ ತಿಳೀವಲ್ದು ಬೇ," ಎಂದ ದಾನಪ್ಪ. "ಆದ್ರೂ ನೀ ಬಾ."

ಅಲ್ಲಿಂದ ಹಳೆಯ ಹಿರಿಯ ಸಮುವೇಲಪ್ಪನವರ ಮನೆಗೆ ಹೋದ. ಅವರೇನು ಕೆಟ್ಟವರಲ್ಲ, ಪ್ಲೇಗು ಬಂದಾಗ ಯಾರೂ ಮುಟ್ಟದ ಹೆಣಗಳಿಗೆ ಹೆಗಲು ಕೊಟ್ಟವರು.

"ಸರದಿ ಮುರದ್ರ ನಾಕು ಮನಿ ಸಭಾ ಬಿಡ್ತಾವೋ ತಮ್ಮಾ," ಎಂದರು. "ಒಬ್ಬಾಕಿ ಸಲುವಾಗಿ ಎಲ್ಲಾರ್ನೂ ಕಳಕೊಂತೀಯೇನು? ಹಿರಿಯಾ ಅಂದ್ರ ಸಭಾ ಉಳಸಾಂವ."

ಅದೂ ಖರೆ ಅನ್ನಿಸಿತು, ಇದೂ ಖರೆ ಅನ್ನಿಸಿತು. ಯಾವ ಕಡೆ ಹೊರಳಿದರೂ ಯಾರನ್ನೋ ಕಳೆದುಕೊಳ್ಳುವುದೇ ಆಯಿತಲ್ಲ ಎಂದು ದಾನಪ್ಪನಿಗೆ ಅಳು ಬರುವಂತಾಯಿತು.

ಅವನ ಮುಖ ನೋಡಿ ಕನಿಕರ ಹುಟ್ಟಿತ್ತೋ ಏನೋ, ಭಾನುವಾರ ಅನಸವ್ವ ಬಂದಳು. ಪಾದ್ರಿಗಳು ಬಟ್ಟಲೆತ್ತಿ ದಾನಪ್ಪನನ್ನು ನೋಡಿದರು. ಅವನು ಎದ್ದ. ಕಾಲು ಮುಂದಕ್ಕೆ ಬರಲೊಲ್ಲದು. ಏನು ಮಾಡುತ್ತಿದ್ದೇನೆಂದು ತನಗೇ ತಿಳಿಯುವ ಮೊದಲೇ ಚಾಪೆಗಳ ನಡುವೆ ಹಿಂದಕ್ಕೆ ನಡೆದು ಅನಸವ್ವನ ಹಿಂದೆ ನಿಂತುಬಿಟ್ಟ.

"ಏ ದಾನಪ್ಪಾ, ದಿಕ್ಕ ತಪ್ಪಿತೇನು?" ಎಂದರು ಸಮುವೇಲಪ್ಪ.

"ಹೌದ್ರಿ, ತಪ್ಪೇತಿ. ನೀವು ಮೊದಲ ತಗೋರಿ. ನಾ ಈಕಿ ಹಿಂದ ತಗೋತೀನಿ."

ಗುಸುಗುಸು ಎದ್ದಿತು. ಒಬ್ಬ ನೇಕಾರ ಟೊಪ್ಪಿಗೆ ಎತ್ತಿಕೊಂಡು ಹೊರಗೇ ನಡೆದ. ಅಯ್ಯೋ ದೇವರೇ, ಸಭೆ ಒಡೆದೆನೇ ಎಂದುಕೊಂಡ ದಾನಪ್ಪ. ಉಳಿದವರ ಸರದಿ ಮುಗಿದು ಬಟ್ಟಲು ಅನಸವ್ವನ ಕೈಗೆ ಬಂತು. ಅವಳು ಕುಡಿದು ಕೊಟ್ಟದ್ದನ್ನು ಅವನು ಎರಡೂ ಕೈಯಲ್ಲಿ ಹಿಡಿದು ಬಾಯಿಗೆ ಹಚ್ಚಿದ.

ಬೆನ್ನಿಗೆ ಯಾರೋ ತಿವಿದರು. ಹೆಂಗಸರ ಸಾಲಿನ ಮುಂದಿದ್ದ ತಾರವ್ವ ಒಂದು ಗುಟುಕನ್ನೂ ಮುಟ್ಟದೆ ಯಾವಾಗ ಬಂದು ಅವನ ಹಿಂದೆ ನಿಂತಿದ್ದಳೋ!

"ಎಲ್ಲಾ ಕುಡದು ಗಿಡದೀರಿ, ಜರಾ ಉಳಸ್ರಿ," ಎಂದಳು. "ನಂದಿನ್ನೂ ಆಗಿಲ್ಲ."