ಆಯಿಶಮ್ಮ ಹಚ್ಚದ ಕೆಂಪು

ಆಯಿಶಮ್ಮ ಬಾಗಿಲಲ್ಲಿ ಚಪ್ಪಲಿ ಬಿಟ್ಟು ವಾರ್ಡಿನೊಳಗೆ ಕಾಲಿಟ್ಟದ್ದೇ ತಡ, ಸೈನಬ ಮಗಳ ಮಂಚಕ್ಕೆ ಅಡ್ಡವಾಗಿ ನಿಂತಳು.

"ನೀವು ಮುಟ್ಟುವುದು ಬೇಡ. ಮುಟ್ಟಿದ್ದು ಸಾಕು."

ಆಯಿಶಮ್ಮ ಜಗ್ಗುವ ಹೆಂಗಸಲ್ಲ. ಸಿದ್ಧಕಟ್ಟೆಯಿಂದ ಬೆಳ್ತಂಗಡಿಯ ಆಸ್ಪತ್ರೆಗೆ ಎರಡು ಬಸ್ಸು ಬದಲಿಸಿ ಬಂದದ್ದು ಹಿಂತಿರುಗುವುದಕ್ಕಲ್ಲ. ಮೂವತ್ತು ವರ್ಷಗಳಿಂದ ಮದುಮಗಳ ಕೈಗೆ ಮದರಂಗಿ ಹಚ್ಚುತ್ತಿದ್ದವಳು ಅವಳು. ಮೂಡಬಿದಿರೆಯಿಂದ ಕನ್ಯಾನದವರೆಗೆ ತನ್ನ ಬಿಡುವು ಕೇಳಿಯೇ ಮದುವೆಯ ದಿನ ಗೊತ್ತುಮಾಡುತ್ತಾರೆ ಎಂದು ಅವಳೇ ಹೇಳಿಕೊಳ್ಳುತ್ತಿದ್ದಳು. ಅದು ಹೆಚ್ಚುಕಡಿಮೆ ನಿಜವೂ ಆಗಿತ್ತು. ಅಂಗಡಿಯ ಕೋನ್ ಎಂದರೆ ಅವಳಿಗೆ ಮೂಗು ಮುರಿಯುವಷ್ಟು ಅಸಡ್ಡೆ. ತನ್ನ ಹಿತ್ತಲಿನ ಎಲೆ, ಚಹಾದ ಡಿಕಾಕ್ಷನ್, ಲಿಂಬೆ ರಸ, ಅಷ್ಟೇ.

ಕಳೆದ ಭಾನುವಾರ ಲಾಯಿಲದಲ್ಲಿ ಸೈನಬಳ ತಂಗಿಯ ಮದುವೆ. ಆರು ವರ್ಷದ ಶಹನಾಝ್ ತನಗೂ ಬೇಕೆಂದು ಹಟ ಹಿಡಿದಾಗ ಆಯಿಶಮ್ಮ ಅವಳಿಗೂ ಹಚ್ಚಿದ್ದಳು. ಬುಧವಾರ ಮಗುವಿಗೆ ಜ್ವರ ಬಂತು. ಶುಕ್ರವಾರ ಮಣಿಕಟ್ಟಿನಲ್ಲಿ ಕೆಂಪು ಚುಕ್ಕೆಗಳು ಎದ್ದು ಮೈಮೇಲೆಲ್ಲ ಹರಡಿದವು. ಕೈಯಿಂದಲೇ ಶುರುವಾದ ಮೇಲೆ ಇನ್ನೇನು? ಮುದುಕಿ ಮದರಂಗಿಗೆ ಏನೋ ಬೆರೆಸಿದ್ದಾಳೆ ಎಂದು ಊರೆಲ್ಲ ಸುದ್ದಿಯಾಯಿತು. ಮೂಡಬಿದಿರೆಯ ಮದುವೆಯವರು ಬರುವುದು ಬೇಡ ಎಂದು ಹೇಳಿ ಕಳಿಸಿದರು. ಅಂದಿನಿಂದ ಆಯಿಶಮ್ಮನಿಗೆ ಅನ್ನ ಸೇರಿರಲಿಲ್ಲ.

"ಮುಟ್ಟುವುದಿಲ್ಲ, ನೋಡ್ತೇನೆ," ಎಂದಳು. "ನನ್ನ ಕೈಯಿಂದ ಮಗುವಿಗೆ ಏನಾಗಿದೆ ಎಂದು ನಾನು ನೋಡಬೇಡವಾ?"

ಸೈನಬಳ ಅಣ್ಣ ಸುಲೈಮಾನ್ ಗೋಡೆಗೊರಗಿ ನಿಂತಿದ್ದ. "ಬಿಡು ಸೈನಬ, ನೋಡಲಿ," ಎಂದ. ಸೈನಬ ಅಳುತ್ತ ಪಕ್ಕಕ್ಕೆ ಸರಿದಳು. ಮಗು ಕಣ್ಣು ತೆರೆಯದೆ ನರಳುತ್ತಿತ್ತು. ಅಂಗೈಯ ಮದರಂಗಿ ಇನ್ನೂ ಕಡುಕೆಂಪಾಗಿಯೇ ಇತ್ತು. ಅಂಥ ಹೊತ್ತಿನಲ್ಲೂ ಬಣ್ಣ ಚೆನ್ನಾಗಿ ಹಿಡಿದಿದೆ ಎಂದು ಆಯಿಶಮ್ಮನ ಮನಸ್ಸು ಹೇಳಿತು, ಮರುಗಳಿಗೆಯೇ ಅವಳಿಗೆ ನಾಚಿಕೆಯಾಯಿತು. ಆಮೇಲೆ ಕಣ್ಣು ಕಾಲಿನ ಕಡೆ ಹೋಯಿತು. ಅಂಗಾಲಿನಲ್ಲೂ ಮದರಂಗಿಯ ಹಾಗೆ ಕೆಂಪು ಇತ್ತು.

"ಕಾಲಿಗೆ ಯಾರು ಹಚ್ಚಿದ್ದು?"

"ನೀವೇ ಅಲ್ವಾ?" ಎಂದಳು ಸೈನಬ.

"ಎರಡು ಕೈ ಆಗುವಾಗಲೇ ಎದ್ದು ಓಡಿದ್ದಾಳೆ ಇವಳು. ಕಾಲಿಗೆ ನಾನು ಹಚ್ಚಲೇ ಇಲ್ಲ."

ಅಷ್ಟರಲ್ಲಿ ಮಕ್ಕಳ ಡಾಕ್ಟರ್ ನೀಲಾವತಿ ಒಳಬಂದರು. ಅಲರ್ಜಿಗೂ ಜ್ವರಕ್ಕೂ ಕೊಟ್ಟ ಮದ್ದು ಯಾವುದೂ ನಾಟದೆ ಅವರ ಮುಖವೂ ಇಳಿದುಹೋಗಿತ್ತು. ಆಯಿಶಮ್ಮ ಮುಟ್ಟುವುದಿಲ್ಲ ಎಂದ ಮಾತನ್ನು ಅಲ್ಲಿಗೇ ಬಿಟ್ಟು, ಮಗುವಿನ ಅಂಗಾಲನ್ನು ಹಿಡಿದೆತ್ತಿದಳು.

"ನೋಡಿ ಡಾಕ್ಟ್ರೇ." ಒಂದು ಚುಕ್ಕೆಯನ್ನು ಹೆಬ್ಬೆರಳಿನಿಂದ ಒತ್ತಿ ಬಿಟ್ಟಳು. ಚುಕ್ಕೆ ಮಾಯವಾಗಿ ಮೆಲ್ಲನೆ ಮತ್ತೆ ಮೂಡಿತು. ಅಂಗೈಯ ಬಳ್ಳಿಯನ್ನೂ ಒತ್ತಿದಳು. ಅದು ಇದ್ದ ಹಾಗೇ ಇತ್ತು. "ನನ್ನ ಕೆಂಪು ಒತ್ತಿದರೆ ಹೋಗುವುದಿಲ್ಲ. ಇದು ನನ್ನದಲ್ಲ."

ಡಾಕ್ಟರ್ ತಾವೇ ಬಗ್ಗಿ ಒತ್ತಿ ನೋಡಿದರು. ಅಂಗೈಯನ್ನು ಬೆಳಕಿಗೆ ಹಿಡಿದು, ಬಳ್ಳಿಯ ನಡುವಿನ ಬರಿ ಚರ್ಮವನ್ನು ಹುಡುಕಿ ಒತ್ತಿದರು. ಅಲ್ಲೂ ಅದೇ ಚುಕ್ಕೆ ಇತ್ತು.

"ನಾನೂ ಮದರಂಗಿ ಎಂದೇ ತಿಳಿದೆ," ಎಂದರು ಮೆಲ್ಲನೆ. "ಮನೆಯಲ್ಲಿ ಆಡು, ನಾಯಿ ಏನಾದರೂ ಉಂಟಾ?"

"ಮದುವೆಗೆಂದು ಒಂದು ವಾರ ಮುಂಚೆ ಆಡು ತಂದಿದ್ದೆವು," ಎಂದ ಸುಲೈಮಾನ್. "ಇವಳು ಇಡೀ ದಿನ ಅದರೊಟ್ಟಿಗೇ. ಇವಳ ಕಿವಿಯ ಹಿಂದೆ ರಕ್ತ ಹೀರುವ ಒಂದು ಉಣುಗು ಕಚ್ಚಿ ಹಿಡಿದಿತ್ತು, ನಾನೇ ಕಿತ್ತು ಬಿಸಾಡಿದೆ."

"ಇದು ಉಣುಗಿನಿಂದ ಬರುವ ಜ್ವರ. ಮಂಗಳೂರಿಗೆ ರಕ್ತ ಕಳಿಸುವ. ಆದರೆ ವರದಿಗೆ ಕಾದರೆ ಮಗು ಕಾಯುವುದಿಲ್ಲ, ಮದ್ದು ಈಗಲೇ ಶುರುವಾಗಬೇಕು."

ಅವರು ಬರೆದ ಚೀಟಿ ಹಿಡಿದುಕೊಂಡು ಔಷಧಿ ವಿಭಾಗದ ತುಕ್ರಪ್ಪ ವಾರ್ಡಿಗೇ ಬಂದ. "ಮೇಡಂ, ಡಾಕ್ಸಿಸೈಕ್ಲಿನ್ ಅಂತ ಉಂಟು. ಎಂಟು ವರ್ಷದ ಒಳಗಿನವರಿಗೆ ಇದು ಕೊಡುವುದಿಲ್ಲ ಅಲ್ವಾ? ಹಲ್ಲು ಹಳದಿಯಾಗ್ತದೆ."

"ಕೆಲವೇ ದಿನ ಕೊಡುವುದು, ಹಲ್ಲಿಗೆ ಹೆದರುವುದು ಬೇಡ. ಕೊಡದಿದ್ದರೆ ಹೆದರಬೇಕು."

ಸೈನಬ ಡಾಕ್ಟರನ್ನು ನೋಡಿದಳು, ಆಮೇಲೆ ಯಾಕೋ ಆಯಿಶಮ್ಮನನ್ನು ನೋಡಿದಳು. ಆಯಿಶಮ್ಮ ತಲೆಯಾಡಿಸಿದಳು. "ಕೊಡಿ," ಎಂದಳು ಸೈನಬ.

ಎರಡನೆಯ ದಿನ ಜ್ವರ ಇಳಿಯಿತು. ಮೂರನೆಯ ದಿನ ಮಗು ಗಂಜಿ ಕೇಳಿತು. ಆಯಿಶಮ್ಮ ದಿನಾ ಬರುತ್ತಿದ್ದಳು, ಸೈನಬ ಸ್ಟೂಲು ಎಳೆದು ಹಾಕುತ್ತಿದ್ದಳು. ತಪ್ಪಾಯಿತು ಎಂದು ಅವಳು ಬಾಯಿಬಿಟ್ಟು ಹೇಳಿದ್ದು ನಾಲ್ಕನೆಯ ದಿನ. ಅದಕ್ಕೆ ಆಯಿಶಮ್ಮ, "ಮೂಡಬಿದಿರೆಯವರಿಗೂ ಒಂದು ಮಾತು ಹೇಳು," ಎಂದಳು.

ವಾರ ಕಳೆದು ಮನೆಗೆ ಕಳಿಸುವ ದಿನ ನೀಲಾವತಿ ಇಬ್ಬರು ಎಳೆಯ ಡಾಕ್ಟರುಗಳನ್ನು ಕರೆದುಕೊಂಡು ಬಂದರು. "ಅಮ್ಮ, ಅವತ್ತು ನನಗೆ ತೋರಿಸಿದ ಹಾಗೆ ಇವರಿಗೂ ತೋರಿಸಿ. ನಾನು ಹೇಳಿದರೆ ಅಷ್ಟು ಚೆನ್ನಾಗಿ ಬರುವುದಿಲ್ಲ."

ಆಯಿಶಮ್ಮನಿಗೆ ಎದೆ ತುಂಬಿ ಬಂತು, ಅದನ್ನು ಅವಳು ಅಡಗಿಸಲೂ ಇಲ್ಲ. ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು. "ಮೊದಲು ಕೈ ತೊಳೆದು ಬನ್ನಿ," ಎಂದಳು. ಅವರು ತೊಳೆದು ಬಂದು ಎರಡೂ ಬದಿಯಲ್ಲಿ ಬಗ್ಗಿ ನಿಂತರು.

ಮಗುವಿನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಹೆಬ್ಬೆರಳು ಊರಲು ಚುಕ್ಕೆ ಹುಡುಕಿದಳು. ಹಿಮ್ಮಡಿ ನೋಡಿದಳು, ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದಳು, ಒಂದೂ ಉಳಿದಿರಲಿಲ್ಲ. ಶಹನಾಝ್ ಕಚಗುಳಿ ತಾಳಲಾರದೆ ನಕ್ಕು ಕಾಲೆಳೆದುಕೊಂಡಳು.

"ಆ ಇನ್ನೊಂದು ಕಾಲು ಕೊಡು," ಎಂದು ಆಯಿಶಮ್ಮ ಕೈ ಚಾಚಿದಳು.