ಅರ್ಧ ಗಂಟೆಯ ಗೆಳತಿ

ನನಗೆ ಹನ್ನೆರಡು ತುಂಬಿದ ವರ್ಷ ನಮ್ಮ ಮನೆಗೆ ಇಂಟರ್‌ನೆಟ್ ಬಂತು. ಅಪ್ಪ ಗಡಿಯಾರ ರಿಪೇರಿ ಮಾಡುತ್ತಿದ್ದರು. ಬೀದಿಗೆ ತೆರೆದುಕೊಂಡ ಮುಂದಿನ ಕೋಣೆಯೇ ಅಂಗಡಿ, ಅದರ ಹಿಂದೆ ನಾವು ಮೂವರಿದ್ದ ಮನೆ. ಕಂಪ್ಯೂಟರನ್ನು ಎರಡರ ನಡುವಿನ ಬಾಗಿಲ ಪಕ್ಕದಲ್ಲೇ ಇಟ್ಟಿದ್ದರು. ಅಮ್ಮ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸದಲ್ಲಿದ್ದಳು. ಇಡೀ ದಿನ ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟವಳಿಗೆ ಮನೆಗೆ ಬಂದ ಮೇಲೂ ಎಲ್ಲದರಲ್ಲೂ ಕ್ರಿಮಿಯೇ ಕಾಣುತ್ತದೆ ಎಂದು ಅಪ್ಪ ತಮಾಷೆ ಮಾಡುತ್ತಿದ್ದರು. ನಿಯಮಗಳನ್ನೆಲ್ಲ ಮಾಡಿದವಳು ಅವಳೇ.

"ಬಾಗಿಲು ತೆಗೆದಿರಬೇಕು. ಅರ್ಧ ಗಂಟೆ ಅಂದ್ರೆ ಅರ್ಧ ಗಂಟೆ. ಗುರುತಿಲ್ಲದೋರು ಏನೇ ಕೇಳಿದ್ರೂ ಉತ್ತರ ಕೊಡಬಾರದು. ಅಯ್ಯೋ ಪಾಪ ಅನ್ನಿಸೋ ಹಾಗೆ ಮಾತಾಡೋರ ಹತ್ರ ಇನ್ನೂ ಹುಷಾರಾಗಿರು. ಅಲ್ಲಿ ಯಾರೂ ತಾವು ಹೇಳಿದೋರಾಗಿರಲ್ಲ, ತಿಳೀತಾ?"

ತಿಳಿಯಿತು ಎಂದೆ. ಅಪ್ಪ ಅಂಗಡಿಯ ಅಲಾರಂ ಗಡಿಯಾರವೊಂದನ್ನು ತಂದು ಕಂಪ್ಯೂಟರಿನ ತಲೆಯ ಮೇಲೆ ಕೂರಿಸಿದರು. ಅಂಗಡಿಗೂ ಮನೆಗೂ ಒಂದೇ ಫೋನ್ ಲೈನ್. ನಾನು ಇಂಟರ್‌ನೆಟ್ಟಿನಲ್ಲಿದ್ದಾಗ ಗಿರಾಕಿಗಳ ಫೋನ್ ಬರುತ್ತಿರಲಿಲ್ಲ. ಅಪ್ಪ ಮರೆತು ರಿಸೀವರ್ ಎತ್ತಿದರೆ ನನ್ನ ಪರದೆ ನಿಂತುಬಿಡುತ್ತಿತ್ತು.

ಸಂಜೆ ನಾಲ್ಕೂವರೆಗೆ ನಾನು ಚೆಸ್ ಆಡುವ ಒಂದು ಜಾಗಕ್ಕೆ ಹೋಗುತ್ತಿದ್ದೆ. ಅಲ್ಲಿ ನನ್ನ ಹೆಸರು 'ಮುಳ್ಳು', ಗಡಿಯಾರದ ಮುಳ್ಳು. ಎದುರು ಯಾರು ಬೇಕಾದರೂ ಕೂರಬಹುದಿತ್ತು. ಎರಡನೇ ವಾರದಿಂದ ದಿನವೂ ಒಬ್ಬಳೇ ಕೂರತೊಡಗಿದಳು. ಅವಳ ಹೆಸರು 'ಏಣಿ'.

ಏಣಿ ನನಗಿಂತ ಚೆನ್ನಾಗಿ ಆಡುತ್ತಿದ್ದಳು. ನಾನು ಸೋಲುವ ನಡೆ ಇಟ್ಟರೆ ಮಣೆಯ ಕೆಳಗಿದ್ದ ಪುಟ್ಟ ಚೌಕದಲ್ಲಿ ಬರೆಯುತ್ತಿದ್ದಳು: 'ಯೋಚನೆ ಮಾಡು, ಕುದುರೆ ಅಳ್ತಾ ಇದೆ.' ನನಗೆ ನಗು ಬರುತ್ತಿತ್ತು. ಆ ಚೌಕದಲ್ಲಿ ಮಾತಾಡುವುದು ನಿಯಮ ಮುರಿದಂತೆಯೇ ಎಂದು ನನಗೆ ಗೊತ್ತಿತ್ತು. ಆಟದ ಮಾತು ಮಾತಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅಮ್ಮ ಹಿಂದೆ ಸುಳಿದರೆ ಚೌಕವನ್ನು ಮುಚ್ಚುತ್ತಿದ್ದೆ.

ಅವಳಿಗೆ ಹದಿಮೂರು. ಅಪ್ಪ ಅಮ್ಮ ಇಲ್ಲ, ಚಿಕ್ಕಪ್ಪನ ಮನೆಯಲ್ಲಿರುವುದು. ಶಾಲೆ ಬಿಡಿಸಿ ಒಂದು ವರ್ಷವಾಗಿತ್ತು. ಚಿಕ್ಕಪ್ಪ ಸಂಜೆ ಹೊರಗೆ ಹೋಗುವಾಗ ಬಾಗಿಲಿಗೆ ಬೀಗ ಹಾಕಿಕೊಂಡು ಹೋಗುತ್ತಾನೆ, ಆದರೆ ಕಂಪ್ಯೂಟರ್ ಇರುವ ಕೋಣೆ ಒಳಗೇ ಇದೆ. ಇಷ್ಟನ್ನೂ ಅವಳು ಒಂದೇ ದಿನ ಹೇಳಿದ್ದಲ್ಲ. ಒಂದು ನಡೆಗೆ ಒಂದು ಮಾತಿನಂತೆ, ತಿಂಗಳುಗಟ್ಟಲೆ ಹೇಳಿದ್ದು. ಒಂದು ಸಲ ಎರಡು ದಿನ ಬರಲಿಲ್ಲ. ಮೂರನೆಯ ದಿನ ಬಂದು ತುಂಬ ನಿಧಾನವಾಗಿ ಆಡಿದಳು. ಏಕೆ ಎಂದು ಕೇಳಿದೆ. 'ಎಡಗೈಲಿ ಆಡ್ತಿದೀನಿ' ಎಂದು ಬರೆದಳು.

ಆಮೇಲೊಂದು ಸಂಜೆ ಆಟ ಶುರುವಾಗುವ ಮೊದಲೇ ಚೌಕದಲ್ಲಿ ಅಕ್ಷರ ಮೂಡಿತು. 'ನಿಮ್ಮ ಮನೇಲಿ ದೊಡ್ಡೋರು ಇದಾರಾ? ಒಂದು ಫೋನ್ ಮಾಡಿಸ್ತೀಯಾ? ಚಿಕ್ಕಪ್ಪ ಇಲ್ಲಿ ಫೋನಿನ ಡಯಲ್‌ಗೂ ಬೀಗ ಹಾಕಿದಾನೆ. ನಮ್ಮತ್ತೆ ನಂಬರ್ ಕೊಡ್ತೀನಿ. ನನ್ನ ಕರ್ಕೊಂಡು ಹೋಗು ಅಂತ ಹೇಳಬೇಕು ಅಷ್ಟೆ.'

ನಂಬರನ್ನು ವಿಜ್ಞಾನದ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆದುಕೊಂಡೆ. 'ಇವತ್ತೇ ಹೇಳ್ತೀಯಾ?' ಎಂದು ಕೇಳಿದಳು. ಹೂಂ ಎಂದೆ. ಅಲಾರಂ ಹೊಡೆಯಿತು.

ಅವತ್ತು ನಾನು ಹೇಳಲಿಲ್ಲ. ಹೇಳಿದರೆ ಮಾತಾಡಿದ್ದು ಗೊತ್ತಾಗುತ್ತದೆ, ಇಂಟರ್‌ನೆಟ್ ಹೋಗುತ್ತದೆ. ಅಮ್ಮ ಅನ್ನ ಬಡಿಸುವಾಗ ಬಾಯಿ ತೆರೆದೆ, ಮತ್ತೆ ಮುಚ್ಚಿದೆ. ಮರುದಿನ ಚೆಸ್ ಆಡಲು ಹೋಗಲೇ ಇಲ್ಲ, ತಲೆನೋವೆಂದೆ. ಅವಳು ಕೇಳುತ್ತಾಳಲ್ಲ ಎಂಬ ಭಯ. ಅದರ ಮರುದಿನವೂ ಹೋಗಲಿಲ್ಲ. ಮೂರನೆಯ ದಿನ ಅಮ್ಮನೇ ನೋಟ್‌ಬುಕ್ ತಿರುವಿ ಹಾಕಿ ಕೇಳಿದಳು.

"ಇದು ಯಾರ ನಂಬರ್?"

ಅಳುತ್ತಾ ಎಲ್ಲವನ್ನೂ ಹೇಳಿದೆ. ಅಮ್ಮ ಹೊಡೆಯಲಿಲ್ಲ, ಕೂಗಾಡಲಿಲ್ಲ. ಮುಖ ಮಾತ್ರ ಸುಣ್ಣದಂತಾಯಿತು. "ಅದು ಹುಡುಗಿಯೇ ಅಲ್ಲ, ಪುಟ್ಟಾ. ಯಾವನೋ ದೊಡ್ಡ ಗಂಡಸು. ನಾವು ಫೋನ್ ಮಾಡಿದ್ರೆ ನಮ್ಮ ನಂಬರ್ ಸಿಗುತ್ತೆ, ಆಮೇಲೆ ಮನೆ ಸಿಗುತ್ತೆ, ಆಮೇಲೆ ನೀನು." ಹಾಳೆಯನ್ನು ಹರಿದು ಅಪ್ಪನ ಕೈಗಿಟ್ಟಳು. ನನ್ನಿಂದ ಪಾಸ್‌ವರ್ಡ್ ಬರೆಸಿಕೊಂಡಳು. ಮುಂದಿನ ವಾರದಿಂದ ನನ್ನನ್ನು ಸಂಜೆ ನಾಲ್ಕಕ್ಕೆ ಶುರುವಾಗುವ ಲೆಕ್ಕದ ಟ್ಯೂಷನ್‌ಗೆ ಸೇರಿಸಿದರು. ಸ್ವಲ್ಪ ದಿನದಲ್ಲೇ ಅಂಗಡಿಯ ಬೋರ್ಡಿನ ಮೇಲೆ ಪೇಂಟರ್ ಹೊಸ ಫೋನ್ ನಂಬರ್ ಬರೆಯುತ್ತಿದ್ದ. ರಾಂಗ್ ನಂಬರ್ ಜಾಸ್ತಿ ಬರುತ್ತಿತ್ತು, ಅದಕ್ಕೇ ಬದಲಾಯಿಸಿದೆ ಎಂದರು ಅಪ್ಪ.

ಅಮ್ಮ ಹೇಳಿದ್ದನ್ನು ನಂಬಲು ನಾನು ತುಂಬ ಪ್ರಯತ್ನಪಟ್ಟೆ. ಗಂಡಸು, ದೊಡ್ಡವನು, ಮೋಸಗಾರ. ಹಗಲು ಹೊತ್ತು ನಂಬಿಕೆ ನಿಲ್ಲುತ್ತಿತ್ತು. ಆದರೆ ಎಲ್ಲಾದರೂ ಯಾರಾದರೂ ಎಡಗೈಯಲ್ಲಿ ಬರೆಯುವುದು ಕಂಡರೆ ಅಲ್ಲೇ ನಿಂತು ಅವರ ಬಲಗೈ ನೋಡುತ್ತಿದ್ದೆ. ನಂಬರ್ ನನಗೆ ಬಾಯಿಪಾಠವಾಗಿತ್ತು. ಕೆಲಸಕ್ಕೆ ಸೇರಿ ಸ್ವಂತ ಫೋನ್ ಬಂದ ದಿನ ಮೊದಲು ಒತ್ತಿದ್ದು ಅದನ್ನೇ. ಈ ನಂಬರ್ ಚಾಲ್ತಿಯಲ್ಲಿಲ್ಲ ಎಂದಿತು. ಆಮೇಲೂ ವರ್ಷಕ್ಕೊಂದೆರಡು ಸಲ ಒತ್ತುತ್ತಿದ್ದೆ. ಗಂಡನಿಗೂ ಹೇಳಲಿಲ್ಲ. ಅಮ್ಮ ತೀರಿಕೊಳ್ಳುವ ತನಕ ಅವಳೊಡನೆ ಆ ಮಾತು ಎತ್ತಲಿಲ್ಲ.

ಹೋದ ತಿಂಗಳು ಅಪ್ಪನಿಗೆ ಕಣ್ಣಿನ ಆಪರೇಷನ್ ಆಯಿತು. ಐವತ್ತು ವರ್ಷ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತಿದ್ದ ಬಲಗಣ್ಣು. ಬ್ಯಾಂಡೇಜ್ ಬಿಚ್ಚಿಸಲು ಕರೆದುಕೊಂಡು ಹೋಗಿದ್ದೆ. ಬೆಳಗಿನ ಹನ್ನೊಂದು ಗಂಟೆ. ಉದ್ದನೆಯ ಬೆಂಚು, ನಮ್ಮ ಮುಂದೆ ಇನ್ನೂ ಆರು ಜನ. ಹೊತ್ತು ಕಳೆಯಲೆಂದು ನನ್ನ ಮಗಳ ಸುದ್ದಿ ಹೇಳುತ್ತಿದ್ದೆ. ಅವಳಿಗೂ ಈಗ ಹನ್ನೆರಡು, ಶಾಲೆಗೆ ರಜೆ ಬಂದಾಗಿನಿಂದ ಟ್ಯಾಬ್ ಕೈಬಿಡುವುದಿಲ್ಲ.

"ಅಮ್ಮ ಇದ್ದಿದ್ರೆ ಎರಡೇ ದಿನಕ್ಕೆ ಸರಿ ಮಾಡ್ತಿದ್ಲು," ಎಂದೆ. "ಅವಳ ನಿಯಮ ಒಳ್ಳೇದಕ್ಕೇ ಇತ್ತು ಅಲ್ವಾ ಅಪ್ಪಾ?"

ಅಪ್ಪ ಕೈಯಲ್ಲಿದ್ದ ಔಷಧಿ ಚೀಟಿಯನ್ನು ಮಡಿಸಿ ಜೇಬಿಗಿಟ್ಟರು. ಕೇಳಿಸಲಿಲ್ಲವೇನೋ ಅಂದುಕೊಂಡೆ.

"ಆ ನಂಬರಿಗೆ ನಾನು ಫೋನ್ ಮಾಡಿದ್ದೆ," ಎಂದರು.

ಯಾವ ನಂಬರ್ ಎಂದು ನಾನು ಕೇಳಲಿಲ್ಲ.

"ನಿಮ್ಮಮ್ಮ ಬೇಡ ಅಂದಿದ್ಲು. ಮನಸ್ಸು ತಡೀಲಿಲ್ಲ. ಅಕಸ್ಮಾತ್ ನಿಜವಾಗಿದ್ರೆ? ಒಬ್ಬ ಹೆಂಗಸು ಎತ್ತಿದ್ಲು. ಹೀಗಂತೆ, ಹುಡುಗಿಯನ್ನ ಕರ್ಕೊಂಡು ಹೋಗಬೇಕಂತೆ ಅಂದೆ. ಆಯಮ್ಮ ಏನೂ ಹೇಳಲಿಲ್ಲ. ಹಿಂದೆ ಯಾರೋ, ಯಾರದು ಫೋನು ಅಂದ್ರು. ಲೈನ್ ಕಟ್ಟಾಯ್ತು."

"ಆಮೇಲೆ?"

"ಮಾರನೇ ದಿನ ಅಂಗಡಿಗೆ ಫೋನ್ ಬಂತು. ಗಂಡಸು. ತುಂಬ ಮರ್ಯಾದೆಯಾಗಿ ಮಾತಾಡ್ದ. 'ನಮ್ಮ ಹುಡುಗಿಯಿಂದ ನಿಮಗೆ ತೊಂದರೆ ಆಯ್ತಂತೆ, ಕ್ಷಮಿಸಿ ಸರ್. ಇನ್ನು ಅವಳು ಕಂಪ್ಯೂಟರ್ ಮುಟ್ಟಲ್ಲ' ಅಂದ."

ಪಕ್ಕದ ಅಜ್ಜಿಯೊಬ್ಬರು ಕಣ್ಣಿಗೆ ಹತ್ತಿ ಒತ್ತಿಕೊಂಡು ಕೂತಿದ್ದರು. ನರ್ಸ್ ಬಂದು ಯಾರದೋ ಚೀಟಿ ತೆಗೆದುಕೊಂಡು ಹೋದಳು.

"ಪೊಲೀಸ್ ಸ್ಟೇಷನ್‌ಗೂ ಹೋಗಿದ್ದೆ," ಅಪ್ಪ ಹೇಳುತ್ತಾ ಹೋದರು. "ಹೆಸರೇನು ಅಂದ್ರು. ಏಣಿ ಅಂದೆ. ನಕ್ಕುಬಿಟ್ರು. ನಂಬರ್ ಕೊಟ್ಟೆ, ಬರ್ಕೊಂಡ್ರು. ಮೂರು ಸಲ ಹೋದೆ. ಮೂರನೇ ಸಲ, ಸಂಸಾರದ ವಿಷಯಕ್ಕೆ ನೀವ್ಯಾಕ್ರೀ ತಲೆ ಹಾಕ್ತೀರಿ ಅಂದ್ರು. ಅವನು ಮತ್ತೆರಡು ಸಲ ಫೋನ್ ಮಾಡ್ದ. ನಿಮಗೂ ಮಗಳಿದಾಳಂತಲ್ಲ ಅಂದ. ಅವತ್ತೇ ನಾವು ನಂಬರ್ ಬದಲಾಯಿಸಿದ್ದು."

"ನನಗ್ಯಾಕೆ ಹೇಳಲಿಲ್ಲ ಅಪ್ಪಾ?"

"ನಿಮ್ಮಮ್ಮ ಆಣೆ ಹಾಕಿಸ್ಕೊಂಡಿದ್ಲು. ಅದು ಮೋಸಗಾರ ಅಂತಲೇ ಮಗಳಿಗೆ ಅನ್ನಿಸಲಿ, ಇಲ್ಲಾಂದ್ರೆ ಮಗು ಜೀವಮಾನ ಕೊರಗುತ್ತೆ ಅಂತ. ನಿಮ್ಮಮ್ಮನೂ ನಿದ್ದೆ ಮಾಡ್ತಿರಲಿಲ್ಲ, ಪಾಪ."

ನಾನೂ ಕೊರಗುತ್ತಲೇ ಇದ್ದೆ ಎಂದು ಹೇಳಬೇಕೆನಿಸಿತು. ಒಂದೇ ಸೂರಿನ ಕೆಳಗೆ ಮೂವರೂ ಬೇರೆ ಬೇರೆಯಾಗಿ ಆ ಹುಡುಗಿಯನ್ನು ಹೊತ್ತು ತಿರುಗಿದ್ದೆವು.

"ನೀನು ಟ್ಯೂಷನ್‌ಗೆ ಹೋದ ಮೇಲೆ ದಿನಾ ಕಂಪ್ಯೂಟರ್ ಮುಂದೆ ನಾನು ಕೂರ್ತಿದ್ದೆ," ಎಂದರು. "ನಿನ್ನ ಹೆಸರಲ್ಲೇ. ನಂಗೆಲ್ಲಿ ಬರುತ್ತೆ ಚೆಸ್ಸು? ಯಾರ್ಯಾರೋ ಬಂದು ಸೋಲಿಸಿ ಹೋಗೋರು. ಏಳು ತಿಂಗಳು ಕೂತೆ."

"ಬಂದಳಾ?"

"ಒಂದೇ ಒಂದು ಸಲ ಆ ಹೆಸರು ಬಂತು. ನನ್ನೆದುರೇ ಕೂತ್ಕೊಂತು. ಅಕ್ಷರ ಹುಡುಕಿ ಹುಡುಕಿ, ಮಗೂ ಎಲ್ಲಿದೀಯಾ, ಅಂತ ಒತ್ತಿದೆ. ನಂಗೆ ಅದಕ್ಕೇ ಎರಡು ನಿಮಿಷ ಹಿಡೀತು. ಕಳಿಸೋ ಹೊತ್ತಿಗೆ ಹೊರಟುಹೋಗಿತ್ತು." ಒಂದೇ ಕಣ್ಣನ್ನು ಒರೆಸಿಕೊಂಡರು. "ಅವಳೋ, ಅವನೋ ಗೊತ್ತಿಲ್ಲ. ಪೊಲೀಸ್ನೋರು ಹೋಗಿ ಬಿಡಿಸಿದ್ರೋ, ಆ ಅತ್ತೆ ಕರ್ಕೊಂಡು ಹೋದ್ಲೋ, ಅದೂ ಗೊತ್ತಿಲ್ಲ. ನಾನು ಫೋನ್ ಮಾಡದೇ ಇದ್ದಿದ್ರೆ ಅವಳು ಆಟವಾದ್ರೂ ಆಡ್ಕೊಂಡಿರ್ತಿದ್ಲು."

"ಮೂರು ದಿನ ತಡ ಮಾಡಿದ್ದು ನಾನು."

"ನೀನು ಮಗು," ಎಂದರು ಅಪ್ಪ ಗದರಿಸುವಂತೆ.

ಸಾಲು ಮುಂದೆ ಸರಿಯಿತು, ನಾವೂ ಬೆಂಚಿನಲ್ಲಿ ಸರಿದು ಕೂತೆವು. ಆಮೇಲೆ ಅವರೇ ಕೇಳಿದರು. "ಈಗ ಎಷ್ಟು ವಯಸ್ಸಾಗಿರಬಹುದು ಅವಳಿಗೆ?"

"ನನಗಿಂತ ಒಂದು ವರ್ಷ ದೊಡ್ಡೋಳು. ಮೂವತ್ತೆಂಟು."

"ಮೂವತ್ತೆಂಟು," ಎಂದು ಅಪ್ಪ ತಲೆದೂಗಿದರು. "ಹಾಗಾದ್ರೆ ಆ ಮನೇಲಂತೂ ಇರಲ್ಲ, ಅಲ್ವಾ?"

ಇರಲ್ಲ ಅಪ್ಪಾ ಎಂದೆ. ಒಳಗಿನಿಂದ ನಮ್ಮ ಸರದಿ ಕೂಗಿದರು. ಅವರ ತೋಳು ಹಿಡಿದು ಎಬ್ಬಿಸಿದೆ. ಡಾಕ್ಟರು ಬ್ಯಾಂಡೇಜ್ ಬಿಚ್ಚಿ ಬೆಳಕು ಬಿಟ್ಟು ನೋಡಿದರು. ಎದುರು ಗೋಡೆಯ ಮೇಲಿನ ಅಕ್ಷರಗಳನ್ನು ಓದಲು ಹೇಳಿದರು. ಅಪ್ಪ ಒಂದೊಂದನ್ನೇ ಹುಡುಕಿ ಹುಡುಕಿ, ನಿಧಾನವಾಗಿ ಓದತೊಡಗಿದರು. ನನಗೆ ಅಲ್ಲಿ ನಿಂತು ಕೇಳಲಾಗಲಿಲ್ಲ. ಬಾಗಿಲು ಎಳೆದುಕೊಂಡು ಹೊರಗೆ ಬಂದು, ಯಾರಾದರೂ ಏನಾದರೂ ಕೇಳಿದರೆ ಬಚ್ಚಿಡಬೇಡ, ಅವತ್ತೇ ಹೇಳು ಎನ್ನಲು ಮಗಳಿಗೆ ಫೋನ್ ಮಾಡಿದೆ.