ಡಬ್ಬಿಯೊಳಗಿನ ಮಾತು

"ಕಾರಿನ ಕೀ ಕೊಡೇ," ಎಂದರು ಅತ್ತೆ.

ಬಟ್ಟೆ ಹಿಂಡುತ್ತಿದ್ದ ಸೊಸೆ ಹಾಗೇ ನಿಂತುಬಿಟ್ಟಳು. ಅತ್ತೆಗೆ ಸೈಕಲ್ ಕೂಡ ಬರುವುದಿಲ್ಲ. ಕಾರು ಹತ್ತಿದರೆ ಮುಂದಿನ ಸೀಟನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು, ಇಳಿಯುವತನಕ ಕಣ್ಣು ಮುಚ್ಚಿಕೊಂಡಿರುವ ಹೆಂಗಸು ಅವರು.

"ಎಲ್ಲಿಗೆ ಹೋಗ್ಬೇಕಿತ್ತು ಅತ್ತೆ? ನಾನೇ ಕರ್ಕೊಂಡು ಹೋಗ್ತೀನಿ."

"ಎಲ್ಲಿಗೂ ಇಲ್ಲ. ಅದು ನಿಂತಲ್ಲೇ ನಿಂತಿರ್ಲಿ. ನಾನೂ ನಿಮ್ಮ ಮಾವನೂ ಒಂದಷ್ಟು ಹೊತ್ತು ಅದರೊಳಗೆ ಕೂತ್ಕೋಬೇಕು. ಗಾಜು ಏರಿಸೋದು ಹೇಗೆ ಅಂತ ತೋರಿಸ್ಕೊಡು, ಸಾಕು."

"ಗಾಜು ಏರಿಸಿದ್ರೆ ಬೆಂದು ಹೋಗ್ತೀರಿ!"

"ಬೆಂದ್ರೆ ಬೇಯ್ತೀವಿ. ನಾಳೆ ಬೆಳಿಗ್ಗೆ ಅದು ಹೋಗೇಬಿಡುತ್ತಲ್ಲ."

ಹೋಗುವುದೇನೋ ನಿಜ. ಬೀದಿಯವರೆಲ್ಲ ಸೇರಿ ಆ ಕಾರಿಗೆ ಡಬ್ಬಿ ಎಂದು ಹೆಸರಿಟ್ಟಿದ್ದರು, ಸುಮ್ಮನೆ ಇಟ್ಟಿರಲಿಲ್ಲ. ಒಂದು ಬಾಗಿಲಿನ ಬಣ್ಣ ಉಳಿದವಕ್ಕೆ ಹೊಂದುತ್ತಿರಲಿಲ್ಲ. ಎಡಕ್ಕೆ ತಿರುಗಿಸಿದರೆ ಹಾರ್ನ್ ತಾನಾಗಿಯೇ ಬಡಿದುಕೊಳ್ಳುತ್ತಿತ್ತು. ಎಡಕ್ಕಿರುವ ಮನೆಗಳವರು ಅದಕ್ಕೆ ಹಿಡಿಶಾಪ ಹಾಕುತ್ತಿದ್ದರು. ಸೊಸೆಗಿಂತ ಮೊದಲು ಅದನ್ನು ಯಾರ್ಯಾರು ಓಡಿಸಿ ಬಿಟ್ಟಿದ್ದರೋ ದೇವರಿಗೇ ಗೊತ್ತು. ಆದರೆ ಅವಳ ಪಾಲಿಗೆ ಅದು ಮೊದಲ ಕಾರು. ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ದಿನವಿಡೀ ಕನ್ನಡಕದ ಗಾಜಿಗೆ ಸಾಣೆ ಹಿಡಿಯುವವಳು, ಕಾರನ್ನು ತಾನೇ ಓಡಿಸಿಕೊಂಡು ಬೀದಿಗೆ ತಂದ ದಿನ ಅವಳ ಕಾಲು ನೆಲದ ಮೇಲಿರಲಿಲ್ಲ.

ಡಬ್ಬಿಗೆ ಇನ್ನೊಂದು ಉಪಯೋಗವೂ ಇತ್ತು, ಅದನ್ನು ಸೊಸೆಯಾಗಲಿ ಅವಳ ಗಂಡನಾಗಲಿ ಯಾರಿಗೂ ಹೇಳಿರಲಿಲ್ಲ. ಮನೆಯೆಂದರೆ ಎರಡೇ ಕೋಣೆ, ನಡುವಿನ ಗೋಡೆ ಹೆಸರಿಗೆ ಮಾತ್ರ. ಜಗಳ ಬಂದರೆ ಗಂಡಹೆಂಡಿರಿಬ್ಬರೂ ಮುಖ ಊದಿಸಿಕೊಂಡು ಇಳಿದು ಹೋಗಿ, ಡಬ್ಬಿಯನ್ನು ಆಟದ ಮೈದಾನದ ಪಕ್ಕ ನಿಲ್ಲಿಸಿ, ಗಾಜು ಏರಿಸಿ, ಮನಸ್ಸು ತೃಪ್ತಿಯಾಗುವಷ್ಟು ಕಿತ್ತಾಡುತ್ತಿದ್ದರು. ವಾಪಸು ಬರುವಾಗ ಇಬ್ಬರ ಮುಖವೂ ತೊಳೆದಿಟ್ಟ ಹಾಗಿರುತ್ತಿತ್ತು. ಕಾರು ಮಾರಬೇಕೆಂಬ ಜಗಳವನ್ನೂ ಅದರೊಳಗೇ ಕೂತು ಆಡಿದ್ದರು. ಗಂಡ ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುವವನು. "ಈಜಿ ಬೆಳೆಸಿದ ಭುಜ ಕಣೇ ಇದು, ನಿನ್ನ ಡಬ್ಬಿ ತಳ್ಳಿ ತಳ್ಳಿಯೇ ಬಿದ್ದು ಹೋಯ್ತು," ಎಂದು ಅವನು, "ತಳ್ಳೋದು ವಾರಕ್ಕೊಂದು ಸಲ, ಗೊಣಗೋದು ದಿನಾ," ಎಂದು ಇವಳು. ಕೊನೆಗೆ ಇವಳೇ ಸೋತು, "ಹಾಳಾಗಿ ಹೋಗ್ಲಿ, ಮಾರ್ಕೊಳ್ಳಿ," ಎಂದು ಅತ್ತುಬಿಟ್ಟಿದ್ದಳು. ಗುಜರಿಯವನು ಭಾನುವಾರ ಬೆಳಿಗ್ಗೆ ಬರುತ್ತೇನೆಂದು ಹೇಳಿಯಾಗಿತ್ತು.

"ನೀವಿಬ್ರೂ ಜಗಳಕ್ಕೆ ಹೋಗ್ತೀರಿ ಅಂತ ನಂಗೆ ಗೊತ್ತು ಬಿಡು," ಎಂದರು ಅತ್ತೆ. "ನಂಗೇನು ಕಣ್ಣಿಲ್ವಾ? ಕಿವಿಯಿಲ್ಲದಿರೋದು ಅವರಿಗೆ."

ಮಾವನ ಕಿವಿಯ ವಿಷಯ ಅವರ ಎದುರಿಗೆ ಎತ್ತುವ ಹಾಗಿರಲಿಲ್ಲ. ಅಚ್ಚುಕೂಟದಲ್ಲಿ ಯಂತ್ರದ ಪಕ್ಕ ನಿಂತು ನಿಂತು ಅವು ಎಂದೋ ಕೆಲಸ ಬಿಟ್ಟಿದ್ದವು. ಮಗ ತಂದುಕೊಟ್ಟ ಕಿವಿಯ ಯಂತ್ರ ಕುಂಯ್‌ಗುಡುತ್ತದೆಂದು ಮೂಲೆಗೆ ಬಿದ್ದಿತ್ತು. "ನನ್ನ ಕಿವಿಗೇನಾಗಿದೆ? ನೀವೆಲ್ಲ ಬಾಯೊಳಗೇ ಗೊಣಗಿದ್ರೆ ಯಾರಿಗೆ ತಾನೆ ಕೇಳುತ್ತೆ?" ಎಂದು ಅವರು ಗುಡುಗಿದರೆ ಕಟ್ಟಡದ ಮೂರೂ ಮಹಡಿ ನಡುಗುತ್ತಿತ್ತು. ಒಮ್ಮೆ ಅತ್ತೆ ಹೊಟ್ಟೆ ಕೆಟ್ಟಿದೆ ಎಂದು ಗಂಡನಿಗೆ ಹೇಳಹೋಗಿ, ಅದನ್ನೇ ಮತ್ತೆ ಹೇಳಿ, ಮತ್ತೆ ಕೂಗಿ ಹೇಳಿದಾಗ ಮೇಲಿನ ಮನೆಯ ಟೀಚರು ಮಾತ್ರೆ ಹಿಡಿದುಕೊಂಡು ಇಳಿದು ಬಂದಿದ್ದರು. ಕೆಳಗಿನ ಟೈಲರು ವಾರವಿಡೀ, "ಈಗ ಹೇಗಿದೆಯಮ್ಮಾ ಹೊಟ್ಟೆ?" ಎಂದು ಮೆಟ್ಟಿಲಲ್ಲಿ ಅಡ್ಡಗಟ್ಟಿ ವಿಚಾರಿಸಿದ್ದ. ಅಲ್ಲಿಂದ ಅತ್ತೆ ಬಾಯಿಗೆ ಬೀಗ ಹಾಕಿಕೊಂಡವರು. ಊಟಕ್ಕೆ ಬನ್ನಿ, ಬಾಗಿಲು ಹಾಕಿ, ಇಷ್ಟೇ.

"ಕೂಗಿದೀನಿ ಕಣೇ ಇಷ್ಟು ವರ್ಷ, ಮಾತಾಡಿಲ್ಲ," ಎಂದರು ಅತ್ತೆ. ಅವರ ದನಿ ಇದ್ದಕ್ಕಿದ್ದ ಹಾಗೆ ಸಣ್ಣದಾಗಿತ್ತು. "ಮದುವೆಯಾದ ಹೊಸದರಲ್ಲಿ ದೀಪ ಆರಿಸಿದ ಮೇಲೂ ನಮ್ಮ ಮಾತು ಮುಗೀತಿರ್ಲಿಲ್ಲ. ಈಗ ಪಕ್ಕದಲ್ಲೇ ಇರ್ತಾರೆ, ಆದ್ರೂ ಇಲ್ಲ. ನಂಗೆ ಅವರು ಬೇಕು ಅನ್ಸುತ್ತೆ. ಒಂದೇ ಒಂದು ಸಲ ಮೂರನೆಯವರಿಗೆ ಕೇಳಿಸದ ಹಾಗೆ ಮಾತಾಡ್ಬೇಕು ಅನ್ಸುತ್ತೆ."

ಸೊಸೆ ಒದ್ದೆ ಕೈಯನ್ನು ಬಟ್ಟೆಗೆ ಒರೆಸಿಕೊಂಡು ಕೀ ತಂದುಕೊಟ್ಟಳು. ಗಾಜು ಏರಿಸುವ ಹಿಡಿ ತಿರುಗಿಸುವುದು ಹೇಗೆಂದು ಹೇಳಿಕೊಟ್ಟಳು.

ಕಾರಿನಲ್ಲಿ ಹೋಗೋಣ ಎಂದು ಅತ್ತೆ ಕೈಸನ್ನೆ ಮಾಡಿದ್ದಕ್ಕೆ ಮಾವ ಸಡಗರದಿಂದ ಬೂಟು ಹಾಕಿಕೊಂಡು, ತಲೆ ಬಾಚಿಕೊಂಡು ಇಳಿದರು. ಹೆಂಡತಿ ಸ್ಟಿಯರಿಂಗ್ ಮುಂದೆ ಕೂತದ್ದು ನೋಡಿ ಅವರ ಎದೆ ಧಸಕ್ಕೆಂದಿರಬೇಕು. ಪಕ್ಕಕ್ಕೆ ಕೂತವರೇ ಬೆಲ್ಟು ಬಿಗಿದುಕೊಂಡರು. ಸೊಸೆಯೂ ಅವಳ ಗಂಡನೂ ತಮ್ಮ ಮನೆಯ ಕಿಟಕಿಯಲ್ಲಿ ತಲೆಗೆ ತಲೆ ತಾಗಿಸಿ ನಿಂತಿದ್ದರು.

"ಏನ್ ಮಾಡ್ತಿದಾರೆ ಅವರು?"

"ಮಾತಾಡ್ತಿದಾರೆ, ಸುಮ್ನಿರಿ."

ಅತ್ತೆಯ ಬಾಯಿ ದೊಡ್ಡದಾಗಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಕೈ ಬೇರೆ ಆಡುತ್ತಿತ್ತು. ಅವರು ಗಂಟಲು ಹರಿಯುವಂತೆ ಕೂಗುತ್ತಿದ್ದರೆಂಬುದು ಕುತ್ತಿಗೆಯ ನರ ನೋಡಿದರೇ ತಿಳಿಯುತ್ತಿತ್ತು, ಆದರೆ ಮೇಲಕ್ಕೆ ಒಂದಕ್ಷರವೂ ಬರಲಿಲ್ಲ. ಮೊದಮೊದಲು ಮಾವ ರಸ್ತೆಯನ್ನೇ ನೋಡುತ್ತಿದ್ದರು, ಕಾರು ಈಗ ಹೊರಡುತ್ತದೆ, ಆಗ ಹೊರಡುತ್ತದೆ ಎಂಬಂತೆ. ಆಮೇಲೆ ಅವರ ಮುಖ ಹೆಂಡತಿಯ ಕಡೆ ತಿರುಗಿತು. ಸ್ವಲ್ಪ ಹೊತ್ತಿನ ಮೇಲೆ ಬೆಲ್ಟು ಬಿಚ್ಚಿದರು. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿ ಮತ್ತೆ ಹಾಕಿಕೊಂಡರು. ಆ ಗಾಜಿಗೆ ಸಾಣೆ ಹಿಡಿದವಳು ಸೊಸೆಯೇ; ಅದರಲ್ಲಿ ಒರೆಸುವಂಥದ್ದೇನೂ ಇರಲಿಲ್ಲ ಎಂದು ಅವಳಿಗೆ ಗೊತ್ತು.

ಇಬ್ಬರೂ ಬೆವರಿ ತೊಪ್ಪೆಯಾಗಿ ಇಳಿದರು. ಮೆಟ್ಟಿಲಲ್ಲಿ ಸಿಕ್ಕ ಟೈಲರಿಗೆ ಮಾವ, "ಒಂದು ಸುತ್ತು ಹೋಗಿಬಂದ್ವಿ!" ಎಂದು ಗುಡುಗಿದರು. ಕಾರು ಒಂದಂಗುಲವೂ ಕದಲದ್ದನ್ನು ಅಷ್ಟು ಹೊತ್ತೂ ನೋಡುತ್ತಿದ್ದ ಟೈಲರು ಹ್ಞೂಂ ಎಂದ.

ಸೊಸೆಗೆ ತಡೆಯಲಾಗಲಿಲ್ಲ. "ಏನ್ ಹೇಳಿದ್ರಿ ಅತ್ತೆ?"

"ಆಹಾ! ನಿನಗೆ ಹೇಳೋ ಹಾಗಿದ್ರೆ ಮನೇಲೇ ಕೂಗ್ತಿರ್ಲಿಲ್ವಾ?" ಎಂದು ಅತ್ತೆ ನಕ್ಕರು. ಒಡೆದ ದನಿಯಲ್ಲಿ ನಗು ಸರಿಯಾಗಿ ಬರಲಿಲ್ಲ. ಗಂಟಲಿಗೆ ಬಿಸಿನೀರು ಕುಡಿಯುತ್ತ, "ಹೇಳ್ಬೇಕಾದ್ದು ಅರ್ಧವೂ ಆಗ್ಲಿಲ್ಲ ಕಣೇ," ಎಂದರು. ಆಮೇಲೆ ನಗಲಿಲ್ಲ.

ಭಾನುವಾರ ಬೆಳಿಗ್ಗೆ ಗುಜರಿಯವನು ಹೇಳಿದ ಹೊತ್ತಿಗೇ ಬಂದ. ಸೊಸೆ ಕೀ ತರಲು ಹೋದರೆ ಮೊಳೆಯಲ್ಲಿ ಕೀ ಇಲ್ಲ. ಒಳಕೋಣೆಯಲ್ಲಿ ಅತ್ತೆ ಇಲ್ಲ, ಮಾವ ಇಲ್ಲ. ಅವಳೂ ಗಂಡನೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ದಡದಡನೆ ಇಳಿದರು.

"ಏನಕ್ಕಾ, ಗಾಡಿ ಒಳಗೆ ಜನ ಇದಾರಲ್ಲ!" ಎಂದ ಗುಜರಿಯವನು, ತಲೆ ಕೆರೆದುಕೊಳ್ಳುತ್ತ. ಜನ ಸಮೇತ ಗಾಡಿ ಕೊಂಡು ಅವನಿಗೆ ಅಭ್ಯಾಸವಿರಲಿಲ್ಲ.

ಗಂಡ ಹೋಗಿ ಗಾಜಿನ ಮೇಲೆ ತಟ್ಟಿದ. ಒಳಗಿನಿಂದ ಅತ್ತೆ ಅಂಗೈ ಅಡ್ಡ ಹಿಡಿದು ತಡಿ ಎಂದರು. ಅವನು ಮತ್ತೆ ತಟ್ಟಿದ. "ಅಪ್ಪಾ, ಗುಜರಿಯವರು ಬಂದಿದಾರೆ! ಇಳೀರಿ!"

ಮಾವನ ಕಡೆಯ ಗಾಜು ನಾಲ್ಕು ಬೆರಳಷ್ಟು ಇಳಿಯಿತು. ಅವರ ಮುಖ ಕೆಂಪಗಾಗಿತ್ತು, ಬೆವರು ಮೂಗಿನ ತುದಿಯಲ್ಲಿ ತೊಟ್ಟಿಕ್ಕುತ್ತಿತ್ತು.

"ಸ್ವಲ್ಪ ತಡ್ಕೊಳ್ಳಪ್ಪಾ!" ಎಂದು ಅವರು ಗುಜರಿಯವನಿಗೆ ಹೇಳಿದರು. ಆ ದನಿಗೆ ಮೇಲಿನ ಮನೆಯ ಟೀಚರು ಕಿಟಕಿಗೆ ಬಂದರು, ಟೈಲರು ಕತ್ತರಿ ಹಿಡಿದೇ ಹೊರಬಂದ. "ನಂಗೆ ಕಿವಿ ಕೇಳಿಸಲ್ಲ! ಇವಳು ಪಾಪ ಎಲ್ಲಾನೂ ಎರಡೆರಡು ಸಲ ಹೇಳ್ಬೇಕು. ಹೊತ್ತು ಹಿಡಿಯುತ್ತೆ!"

ಗಾಜು ಮೇಲೇರಿತು.

ಸೊಸೆ ಗಂಡನ ಕಡೆ ನೋಡಿದಳು. ಅವನು ಅಪ್ಪನನ್ನೇ ನೋಡುತ್ತಿದ್ದ, ಬಾಯಿ ತುಸು ತೆರೆದುಕೊಂಡಿತ್ತು.

"ಹಾಗಾದ್ರೆ ನಾನು ಯಾವಾಗ ಬರ್ಲಿ?" ಎಂದು ಗುಜರಿಯವನು ಕೇಳಿದ.

ಉಸಿರಿಗೆ ಗಾಜು ಒಳಗಿನಿಂದ ಮಂಜಾಗುತ್ತ ಬಂದಿತ್ತು. ಅದರ ಹಿಂದೆ ಅತ್ತೆಯ ಕೈ ಮತ್ತೆ ಆಡತೊಡಗಿತು. ಮಾವ ಮಾತು ಮಾತಿಗೂ ತಲೆದೂಗುತ್ತಿದ್ದರು.